ಬೇವಿನ ಬಾಗಿಲುಗಳನ್ನು ಎಣಿಸಿದವರು

ಒಂದೂವರೆ ತಿಂಗಳ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಸ್ನಾನ ಮಾಡುವಾಗ ಎಡಪಕ್ಕೆಯ ಮೇಲೆ ಸಾಲಾಗಿ ಎದ್ದ ಗುಳ್ಳೆಗಳು ಕೈಗೆ ತಗುಲಿದವು. ಮೂರು ದಿನಗಳಿಂದ ಆ ಜಾಗ ಉರಿಯುತ್ತಿತ್ತು. ಬನಿಯನ್ ತಾಗಿದರೂ ಮೈ ಜುಮ್ಮೆನ್ನುತ್ತಿತ್ತು. ಬುಧವಾರ ಇಲ್ಲೇ ಪುಣೆಯ ನಿಗಡಿಯ ದವಾಖಾನೆಗೆ ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು ನೋಡಿ, ಸರ್ಪಸುತ್ತು ಎಂದರು. "ಸಣ್ಣವರಿದ್ದಾಗ ಕಾಂಜಿಣ್ಯಾ ಬಂದಿತ್ತಾ ಕಾಕಾ?" ಎಂದು ಮರಾಠಿಯಲ್ಲಿ ಕೇಳಿದರು.

ಬಂದಿತ್ತು. ಬಿಜಾಪುರದಲ್ಲಿ, ನನಗೆ ಆರೋ ಏಳೋ ವರ್ಷವಿದ್ದಾಗ. ಮರಾಠಿಯವರು ಕಾಂಜಿಣ್ಯಾ ಎನ್ನುವುದು ಪುಸ್ತಕದ ಕನ್ನಡದಲ್ಲಿ ಸೀತಾಳೆ ಸಿಡುಬು. ನಮ್ಮ ಮನೆಗಳಲ್ಲಿ ಅದರ ಹೆಸರು ಹೇಳುವುದಿಲ್ಲ, ಅಮ್ಮ ಬಂದಾಳ ಎನ್ನುತ್ತೇವೆ. ಆಗ ಬಂದದ್ದು ಹೋಗದೆ ನರದೊಳಗೆ ಕುಳಿತಿರುತ್ತದೆ, ವಯಸ್ಸಾದಾಗ ಹೀಗೆ ಎದ್ದು ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಅವರು ಮುಗಿಸುವ ಮೊದಲೇ ನನಗೆ ಅದು ಗೊತ್ತಿತ್ತು. ಬಹಳ ವರ್ಷಗಳ ಹಿಂದೆ ಒಬ್ಬ ನರ್ಸ್ ಬಾಯಿ ನನಗೆ ಅದನ್ನೇ ಹೇಳಿದ್ದರು.

ಹೊರಗೆ ಬಂದು, ಇಂಜೆಕ್ಷನ್ ಕೋಣೆಯಲ್ಲಿದ್ದವರನ್ನು ಆ ಬಾಯಿಯ ಬಗ್ಗೆ ವಿಚಾರಿಸಿದೆ. ಮುಖದ ಮೇಲೆ ಸಿಡುಬಿನ ಕಲೆಗಳಿದ್ದವರು, ಸೊಲ್ಲಾಪುರದವರು ಎಂದೆ. "ಅವರು ತೀರಿಹೋಗಿ ಎರಡು ವರ್ಷವಾಯಿತು," ಎಂದರು. ಯಾವ ತಿಂಗಳು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಬಾಯಿಯವರಾಗಿದ್ದರೆ ತಿಂಗಳನ್ನಷ್ಟೇ ಅಲ್ಲ, ವಾರವನ್ನೂ ಹೇಳುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ನಿಗಡಿಯ ಒಂದು ಕಟ್ಟಡದ ಸೈಟಿನಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆಯುವುದು ಕೆಲಸ. ಕೆಲಸಗಾರರಲ್ಲಿ ಬಹುಪಾಲು ಗುಲಬರ್ಗಾ, ಸುರಪುರ, ಯಾದಗಿರಿ ಕಡೆಯವರು. ಸೈಟಿನ ಹಿಂದೆ ಅವರ ತಗಡಿನ ಶೆಡ್ಡುಗಳು ಎರಡು ಸಾಲಿನಲ್ಲಿದ್ದವು, ಒಟ್ಟು ಮೂವತ್ತೆಂಟು. ನನ್ನ ಕೋಣೆಯೂ ತಗಡಿನದೇ. ಅಲ್ಲಿಗೆ ಒಂದು ದಿನ ಬಿಳಿ ಸೀರೆಯ, ಬಡಕಲು ಮೈಯ, ಐವತ್ತರ ಆಸುಪಾಸಿನ ಹೆಂಗಸು ಬಂದು, ಕೊಡೆಯನ್ನು ಬಾಗಿಲಿಗೆ ಒರಗಿಸಿ, ಕುಳಿತುಕೊಳ್ಳಿ ಎನ್ನುವ ಮೊದಲೇ ಕುಳಿತು ಕೇಳಿದರು.

"ಹಾಜರಿ ಸಾಹೇಬ್ರ, ನಿಮ್ಮ ಪುಸ್ತಕದಾಗ ಈ ವಾರ ಬರದವರು ಯಾರ್ಯಾರು? ಯಾಕ ಬಂದಿಲ್ಲ?"

"ಯಾಕ ಅಂತ ಬರಿಯೂದಿಲ್ರೀ ಬಾಯಿ. ಬಂದಿಲ್ಲ ಅಂತಷ್ಟೇ ಬರೀತೀವಿ."

"ಅರ್ಧಾ ಬರೆದು ಬಿಟ್ಟೀರಲ್ಲ!" ಎಂದು ನಕ್ಕರು. ನಕ್ಕಾಗ ಕೆನ್ನೆಯ ಕುಳಿಗಳೆಲ್ಲ ಒಂದಕ್ಕೊಂದು ಸೇರುತ್ತಿದ್ದವು.

ಆ ಕಲೆಗಳು ದೊಡ್ಡ ಸಿಡುಬಿನವು. ಹುಡುಗಿಯಾಗಿದ್ದಾಗ ಬಂದಿತ್ತಂತೆ. ಅದನ್ನು ಅವರು ಎಂದೂ ಮರೆಮಾಡಲಿಲ್ಲ. ಶೆಡ್ಡುಗಳಲ್ಲಿ ಮೊದಲ ದಿನ ಹೆಂಗಸರು ಬಾಗಿಲು ತೆರೆಯದೆ ಒಳಗಿನಿಂದಲೇ, "ನಮ್ಮನ್ಯಾಗ ಯಾರಿಗೂ ಏನೂ ಇಲ್ರೀ," ಎಂದಾಗ ಅವರು ಮುಖವನ್ನು ತಗಡಿನ ಸಂದಿಗೆ ತಂದು, "ನೋಡ್ರೆವ್ವಾ, ಅಮ್ಮ ನನ್ನ ಮಾರಿ ಮ್ಯಾಲ ದ್ವಾಸಿ ಹೊಯ್ದು ಹೋಗ್ಯಾಳ. ನನ್ನ ಮುಂದ ಏನ್ ಮುಚ್ಚತೀರಿ?" ಎಂದರು. ಒಳಗೆ ಯಾರೋ ಕಿಸಕ್ಕೆಂದರು. ಬಾಗಿಲು ತೆರೆಯಿತು.

ಅವರ ಚೀಲದಲ್ಲಿ ಔಷಧಿಗಿಂತ ಮೊದಲು ಹೊರಬರುತ್ತಿದ್ದುದು ಉಗುರು ಕತ್ತರಿಸುವ ಸಣ್ಣ ಸಾಧನ. ಗುಳ್ಳೆ ಎದ್ದ ಮಗುವಿನ ಹತ್ತು ಬೆರಳುಗಳ ಉಗುರು ತೆಗೆದ ಮೇಲೆಯೇ ಮಾತು. ಕೆರೆದರೆ ಕೀವಾಗುತ್ತದೆ, ಕಲೆ ಉಳಿಯುತ್ತದೆ. ಅವರು ಬರುವುದನ್ನು ಕಂಡರೆ ಮಕ್ಕಳು ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಓಡುತ್ತಿದ್ದರು. ಉಗುರಾದ ಮೇಲೆ ಮಗುವಿನ ಅಂಗೈಯನ್ನು ಮೇಲಕ್ಕೆ ತಿರುಗಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಯಾಕೆ ಎಂದು ಕೇಳಿದೆ. ದೊಡ್ಡ ಸಿಡುಬು ಅಂಗೈ, ಅಂಗಾಲು, ಮುಖ ಹಿಡಿಯುತ್ತಿತ್ತು. ಇದು ಹೊಟ್ಟೆ, ಬೆನ್ನು ಹಿಡಿಯುತ್ತದೆ. ದೊಡ್ಡದು ಈಗ ಲೋಕದಲ್ಲೇ ಇಲ್ಲ. ಅದು ಇನ್ನೂ ಇದ್ದಾಗ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಚಿತ್ರದ ಕಾರ್ಡು ಹಿಡಿದು ಊರೂರು, ಮನೆಮನೆ ತಿರುಗಿ, ಇಂಥದ್ದು ಕಂಡಿರಾ ಎಂದು ಕೇಳಿದ್ದರಂತೆ. "ಇಲ್ಲ ಅಂತ ಗೊತ್ತೈತ್ರಿ. ಆದ್ರೂ ಕೈ ತಾನ ತಿರುಗಿಸಿ ನೋಡ್ತದ," ಎಂದರು.

"ಇದನ್ನ ಗುರುತು ಹಿಡಿಯೂದು ಸರಳ ಐತಿ. ಮೊಗ್ಗು, ಹೂವು, ಒಣಗಿದ ಕಾಯಿ, ಮೂರೂ ಒಂದ ಗಿಡದಾಗ ಇರತಾವ," ಎಂದು ಒಬ್ಬ ಹುಡುಗಿಯ ಬೆನ್ನು ತೋರಿಸಿದರು. ನಿಜ. ಕೆಂಪು ಚುಕ್ಕೆ, ನೀರು ತುಂಬಿದ ಗುಳ್ಳೆ, ಹಕ್ಕಳೆ ಕಟ್ಟಿದ್ದು, ಮೂರೂ ಒಂದೇ ಬೆನ್ನಿನ ಮೇಲಿದ್ದವು. ಅಷ್ಟು ವರ್ಷ ಎಷ್ಟೋ ಮಕ್ಕಳಲ್ಲಿ ನೋಡಿದ್ದೆ. ನೋಡಿರಲಿಲ್ಲ ಎಂದು ಆಗ ಅನ್ನಿಸಿತು.

ಆದರೆ ಅವರ ನಿಜವಾದ ಚಟ ಒಂದು ಪ್ರಶ್ನೆ. "ಮೊದಲ ಯಾರಿಗೆ ಬಂತು?" ಯಾರದೋ ಹೆಸರು ಹೇಳಿದರೆ, "ಅದಕ್ಕಿಂತ ಮೊದಲ?" ಮತ್ತೊಂದು ಹೆಸರು ಹೇಳಿದರೆ, "ಆಕಿ ಯಾರ ಸಂಗಡ ಆಡತಾಳ?" ಶೆಡ್ಡಿನ ಹೆಂಗಸರು ಅವರಿಗೆ 'ಮೊದಲ್ಯಾರಿಗೆ ಬಾಯಿ' ಎಂದೇ ಹೆಸರಿಟ್ಟಿದ್ದರು. ಉತ್ತರಗಳನ್ನೆಲ್ಲ ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದರು. ಶೆಡ್ಡುಗಳ ಎರಡು ಸಾಲು ಚೌಕಗಳಾಗಿ, ಗುಳ್ಳೆ ಬಂದ ಮನೆಯ ಚೌಕದೊಳಗೆ ಪೆನ್ಸಿಲಿನ ಒಂದು ಸಣ್ಣ ಎಲೆ, ಎಲೆಯ ಪಕ್ಕ ತಾರೀಖು. ಒಂದು ಎಲೆಯಿಂದ ಇನ್ನೊಂದಕ್ಕೆ ಗೆರೆ. ಹಾಳೆ ತಿರುಗಿಸಿದರೆ ಕ್ಯಾಲೆಂಡರಿನ ತಾರೀಖುಗಳು, ಅವುಗಳ ಮೇಲೆ ಬೆರಳಿಟ್ಟು ಮುಂದಕ್ಕೆ ದಿನ ಎಣಿಸುತ್ತಿದ್ದರು. ಒಬ್ಬರಿಂದ ಇನ್ನೊಬ್ಬರಿಗೆ ಹತ್ತು ದಿನದಿಂದ ಇಪ್ಪತ್ತೊಂದು ದಿನ. ಹೆಚ್ಚಾಗಿ ಎರಡು ವಾರ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಹರಡಲು ಶುರು.

ಹೀಗೆ ಎಣಿಸಿ ಒಬ್ಬ ತಾಯಿಗೆ, "ಬರೂ ಸೋಮವಾರ ಮಂಗಳವಾರದಾಗ ನಿಮ್ಮ ಸಣ್ಣಾಕಿಗೆ ಬರಬಹುದು. ಅಷ್ಟೊತ್ತಿಗೆ ಆಕೀನ ಬ್ಯಾರೆ ಕೂಸುಗಳ ಹಂತೇಲಿ ಬಿಡಬ್ಯಾಡ್ರಿ," ಎಂದಿದ್ದರು. ಮಂಗಳವಾರವೇ ಗುಳ್ಳೆ ಎದ್ದವು. ಆಮೇಲೆ ಹೆಂಗಸರು ಅವರನ್ನು ಕಂಡರೆ ಸ್ವಲ್ಪ ಹೆದರಿದರು. ಅಮ್ಮ ಈಕೆಗೆ ಹೇಳಿ ಬರುತ್ತಾಳೆ ಎಂದು ಮಾತಾಯಿತು. ಬಾಯಿ ಅದನ್ನು ನಿರಾಕರಿಸಲಿಲ್ಲ, ಒಪ್ಪಲೂ ಇಲ್ಲ. "ಎಣಿಸಾಕ ಬಂದ್ರ ಯಾರಿಗಾದ್ರೂ ಹೇಳ್ತಾಳ," ಎಂದರು.

ಮೇಲಿನವರಿಗೆ ವಾರವಾರವೂ ವರದಿ ಕೊಡುತ್ತಿದ್ದರು. ಅದನ್ನು ಓದುವ ಯಾರೋ, ಇದು ಎಲ್ಲರಿಗೂ ಬಂದು ಹೋಗುವಂಥದ್ದು, ಇದಕ್ಕೆಲ್ಲ ಕಾಗದ ಯಾಕೆ ಎಂದರಂತೆ. ನನ್ನ ಕೋಣೆಯಲ್ಲಿ ಚಹಾ ಕುಡಿಯುತ್ತ ಅದನ್ನು ಹೇಳಿ, "ಎಲ್ಲಾರಿಗೂ ಬರೂದಿದ್ರ ಕಾಗದ ಹೆಚ್ಚು ಬೇಕಲ್ರೀ, ಕಡಿಮಿ ಹ್ಯಾಂಗ?" ಎಂದು ನಿಜವಾಗಿಯೂ ತಿಳಿಯದವರಂತೆ ನನ್ನ ಮುಖ ನೋಡಿದರು.

ಬೇವಿನ ವಿಷಯಕ್ಕೆ ಬರಬೇಕು.

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಟೊಂಗೆ ಕಟ್ಟುವುದು ನಮ್ಮ ಪದ್ಧತಿ. ಒಳಗೆ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರು ಬರುವುದಿಲ್ಲ. ಬೇರೆ ನರ್ಸುಗಳು ಇದಕ್ಕೆ ನಗುತ್ತಿದ್ದರು ಅಥವಾ ಬೈಯುತ್ತಿದ್ದರು. ಈ ಬಾಯಿಗೆ ಮಾತ್ರ ಅದನ್ನು ಕಂಡು ಆದ ಸಂತೋಷ ಅಷ್ಟಿಷ್ಟಲ್ಲ. ದಾರಿಯ ತುದಿಯಲ್ಲಿ ನಿಂತು ಎರಡೂ ಸಾಲುಗಳ ಬಾಗಿಲುಗಳನ್ನು ಎಣಿಸುತ್ತಿದ್ದರು. ಹೇಳದವರ ಮನೆಯೂ ಬಾಗಿಲಲ್ಲೇ ಹೇಳುತ್ತಿತ್ತು. ಹೆಂಗಸರೊಂದಿಗೆ ಅವರು ಮಾಡಿಕೊಂಡ ಒಪ್ಪಂದ ಎರಡೇ. ಹಿರಿಯರು ಬಂದು ನೋಡಿ ಹೌದು ಎನ್ನುವವರೆಗೆ ಕಾಯದೆ ಮೊದಲ ಗುಳ್ಳೆಗೇ ಬೇವು ಕಟ್ಟಬೇಕು. ಕೊನೆಯ ಹಕ್ಕಳೆ ಒಣಗುವ ತನಕ ಬಿಚ್ಚಬಾರದು.

ಒಬ್ಬ ಮುದುಕಿ ಕೆಣಕಿದಳು. "ಬೇವು ಕಟ್ಟಿದ್ರ ಅಮ್ಮ ತಣ್ಣಗಾಗತಾಳ ಅಂತ ನಿನಗೂ ನಂಬಿಕಿ ಐತೇನ ಬಾಯಿ?"

"ಅಮ್ಮನ ಸುದ್ದಿ ನನಗ ಗೊತ್ತಿಲ್ಲ ಆಯಿ. ಬೇವು ಕಂಡ್ರ ಬಾಗಿಲಿಗೆ ಬಂದ ನೆರಿಮನಿಯಾಕಿ ತಿರುಗಿ ಹೋಗತಾಳ, ಅದು ಗೊತ್ತೈತಿ."

ನನಗೆ ಅವರು ಒಪ್ಪಿಸಿದ ಕೆಲಸವೂ ಅದೇ. ಹೊಸ ಬೇವು ಕಂಡ ದಿನ ದವಾಖಾನೆಗೆ ಸುದ್ದಿ ಕಳಿಸುವುದು. ಬಸುರಿ ಹೆಂಗಸರು, ಹಸುಗೂಸುಗಳು ಆ ಬಾಗಿಲ ಹತ್ತಿರ ಸುಳಿಯದಂತೆ ನೋಡುವುದು. ದೊಡ್ಡವರಾದ ಮೇಲೆ ಮೊದಲ ಸಲ ಬಂದರೆ ಇದು ಹಗುರವಲ್ಲ ಎಂದು ಅವರು ನನಗೆ ಎರಡು ಸಲ ಹೇಳಿದ್ದರು. ಒಂದು ಸಲವಲ್ಲ, ಎರಡು ಸಲ.

ಆ ವರ್ಷ ಯುಗಾದಿಯ ಹೊತ್ತಿಗೆ ಮೂರು ಬಾಗಿಲುಗಳಲ್ಲಿ ಬೇವಿತ್ತು. ಪುಣೆಯಲ್ಲಿ ಯುಗಾದಿಗೆ ಪಾಡ್ವಾ ಎನ್ನುತ್ತಾರೆ, ಆ ದಿನ ಜನ ಮನೆ ಬುಕ್ ಮಾಡುತ್ತಾರೆ. ಸೈಟು ನೋಡಲು ಬರುವವರಿಗೆ ಎಲ್ಲವೂ ಹಬ್ಬದ ಹಾಗೆ ಕಾಣಲಿ, ಹಿಂದಿನ ಶೆಡ್ಡುಗಳೂ ಹಾಗೇ ಕಾಣಲಿ ಎಂದು ಸೂಪರ್‌ವೈಜರ್ ಹೇಳಿದ. ಹಿಂದಿನ ಸಂಜೆ ನಾನೇ ಒಂದು ಕೈಗಾಡಿಯಲ್ಲಿ ಮಾವು, ಬೇವು ತರಿಸಿ ಮೂವತ್ತೆಂಟು ಬಾಗಿಲಿಗೂ ತೋರಣ ಕಟ್ಟಿದೆ. ಯುಗಾದಿಯ ತೋರಣ, ಯಾರು ಬೇಡ ಎನ್ನುತ್ತಾರೆ?

ಇಲ್ಲಿ ನಿಧಾನವಾಗಿ ಹೇಳಬೇಕು. ಆ ಮೂರು ಬಾಗಿಲುಗಳಲ್ಲಿ ಮೊದಲನೆಯದಕ್ಕೆ ಬಂದಾಗ ನನಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಕೈ ಒಂದು ಕ್ಷಣ ನಿಂತಿತು. ಇಲ್ಲಿಯವರಿಗೆಲ್ಲ ಗೊತ್ತೇ ಇದೆಯಲ್ಲ ಎಂದುಕೊಂಡು ಕಟ್ಟಿದೆ. ಎರಡನೆಯದಕ್ಕೆ, ಮೂರನೆಯದಕ್ಕೆ ಕೈ ನಿಲ್ಲಲಿಲ್ಲ.

ಗೊತ್ತಿಲ್ಲದವಳು ಅದೇ ಸಂಜೆ ಬಸ್ಸಿನಲ್ಲಿ ಬಂದಿದ್ದಳು. ಶಾಂತವ್ವ, ಸುರಪುರದ ಕಡೆಯವಳು, ಕಬ್ಬಿಣದ ಸರಳು ಕಟ್ಟುವ ಮಲ್ಲಪ್ಪನ ಹೆಂಡತಿ. ಎಂಟು ತಿಂಗಳು ತುಂಬಿತ್ತು. ತವರಿನಲ್ಲಿ ಬಾಣಂತನ ಮಾಡುವವರು ಯಾರೂ ಇರಲಿಲ್ಲ, ಹಾಗಾಗಿ ಗಂಡನಿದ್ದಲ್ಲಿಗೆ ಬಂದಳು. ಹಬ್ಬದ ಬೆಳಿಗ್ಗೆ ತಲೆತುಂಬ ಸೆರಗು ಹೊದ್ದು, ತಟ್ಟೆಯಲ್ಲಿ ಬೇವುಬೆಲ್ಲ ಇಟ್ಟುಕೊಂಡು, ಹೊಸಬಳಾದ ತಾನು ಎಲ್ಲರಿಗೂ ಪರಿಚಯವಾಗಲಿ ಎಂದು ಮನೆಮನೆಗೆ ಹೋದಳು. ನನ್ನ ಕೋಣೆಗೂ ಬಂದು, "ತಗೋರಿ ಅಣ್ಣಾರ," ಎಂದು ಕೊಟ್ಟಳು. ನಾನು ತಿಂದೆ. ಎಲ್ಲೆಲ್ಲಿ ಹೋಗುತ್ತೀ ಎಂದು ಕೇಳಲಿಲ್ಲ.

ಹದಿನೈದನೆಯ ದಿನ ಅವಳಿಗೆ ಜ್ವರ, ಗುಳ್ಳೆ. ನಾನು ಸುದ್ದಿ ಕಳಿಸಿದ ಗಂಟೆಯೊಳಗೆ ಬಾಯಿ ಬಂದರು, ಆಟೋ ತರಿಸಿ ತಾವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಎರಡು ದಿನಕ್ಕೆ ಹೆರಿಗೆಯಾಯಿತು, ದಿನ ತುಂಬುವ ಮೊದಲೇ. ಶಾಂತವ್ವ ಕೆಮ್ಮುತ್ತ, ಏದುಸಿರು ಬಿಡುತ್ತ ಬದುಕಿದಳು. ಮಗುವಿಗೂ ಗುಳ್ಳೆ ಎದ್ದವು. ಹನ್ನೊಂದನೆಯ ದಿನ ಅದು ಹೋಯಿತು. ಹೆಣ್ಣು ಮಗು.

ಶಾಂತವ್ವ ಶೆಡ್ಡಿಗೆ ಮರಳಿದ ಮಾರನೆಯ ದಿನ ಬಾಯಿ ನನ್ನ ಕೋಣೆಗೆ ಬಂದರು. ಕೊಡೆ ಒರಗಿಸಿದರು, ಕುಳಿತರು, ಹಾಳೆ ಬಿಡಿಸಿದರು. "ಹಡೆದವ್ವನ ಮೈಯಾಗ ತಡಿಯೂ ಶಕ್ತಿ ಹುಟ್ಟಾಕ ಒಂದಿಷ್ಟು ದಿನಾ ಬೇಕ್ರಿ. ಅದು ಕೂಸಿಗೆ ಮುಟ್ಟೂಕಿಂತ ಮೊದಲ ಕೂಸು ಹುಟ್ಟಿಬಿಡ್ತು," ಎಂದರು. ಪೆನ್ಸಿಲನ್ನು ಶಾಂತವ್ವನ ಚೌಕದ ಮೇಲಿಟ್ಟು ಕೇಳಿದರು. "ಆಕಿಗೆ ಎಲ್ಲಿಂದ ಬಂತು? ಬೇವು ಇದ್ದ ಬಾಗಿಲೊಳಗ ಆಕಿ ಯಾಕ ಹೋದ್ಲು?"

ನಾನು ಹೇಳಿದೆ. ಗಾಡಿ, ಮೂವತ್ತೆಂಟು ತೋರಣ, ನಿಂತ ಕೈ, ಎಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಪ್ರಶ್ನೆ ಕೇಳಿದರು. ಎಷ್ಟು ಗಂಟೆಗೆ ಕಟ್ಟಿದಿರಿ? ಹಳೆಯ ಬೇವು ತೆಗೆದಿರೋ, ಅದರ ಮೇಲೆಯೇ ಕಟ್ಟಿದಿರೋ? ಆಕೆ ಯಾವ ಮನೆಯಲ್ಲಿ ಕುಳಿತಳು? ಎಷ್ಟು ಹೊತ್ತು? ಕೊನೆಯದು ನನಗೆ ಗೊತ್ತಿರಲಿಲ್ಲ. ಅವರು ಹೋಗಿ ಕೇಳಿಕೊಂಡು ಬಂದರು. ಮೂರನೆಯ ಮನೆಯಲ್ಲಿ, ಗುಳ್ಳೆ ಎದ್ದ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆಲ್ಲ ನೆಕ್ಕಿಸುತ್ತ, ಅರ್ಧ ಗಂಟೆ. ಹುಡುಗ ಅಂಗಿ ತೊಟ್ಟಿದ್ದ. ಗುಳ್ಳೆಗಳಿದ್ದುದು ಬೆನ್ನಿನ ಮೇಲೆ. ಹಬ್ಬದ ದಿನ ಬೇವುಬೆಲ್ಲ ತಂದವಳಿಗೆ ಮನೆಯವರೂ ಬೇಡ ಎನ್ನಲಿಲ್ಲವಂತೆ. ಬಾಯಿ ಗೆರೆ ಎಳೆದರು.

ಆಮೇಲೆ ಹೇಳಿದರು. "ಹೆಂಗಸರು ಏನ್ ಅನ್ನಾಕತ್ತಾರ ಕೇಳೀರೇನು? ಬಸುರಿ ಹೆಂಗಸು ಅಮ್ಮ ಕುಂತ ಮನಿಗೆ ಕೇಳದ ನುಗ್ಗಿದ್ಲು, ಅದಕ್ಕ ಅಮ್ಮ ಕೂಸಿನ್ನ ಒಯ್ದಳು ಅಂತ. ಆಕಿ ಎದುರಿಗೇ ಅಂತಾರ. ನೀವು ಬಂದು ಹೇಳ್ರಿ ಸಾಹೇಬ್ರ. ಬಾಗಿಲಾಗಿನ ಗುರುತು ಅಳಿಸಿದಾಂವ ನಾನು ಅಂತ."

ನಾಳೆ ಹೇಳುತ್ತೇನೆ ಎಂದೆ. ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ ಎಂಬ ಕಾರಣ ಕೊಟ್ಟೆ. ನಿಜವಾದ ಕಾರಣ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂವತ್ತೆಂಟು ಮನೆಗಳವರು ನನಗೆ ಸಾಹೇಬ ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಮಲ್ಲಪ್ಪನ ಶೆಡ್ಡಿನ ಬಾಗಿಲು ತೆರೆದಿತ್ತು. ಒಳಗೆ ಒಲೆಯ ಮೂರು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಮೊದಲ ಬಸ್ಸಿಗೆ ಊರಿಗೆ ಹೋಗಿದ್ದರು. ಮತ್ತೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಬಂದಿಲ್ಲ ಎಂದು ಬರೆದೆ.

ಬಾಯಿ ಬಂದು ಖಾಲಿ ಶೆಡ್ಡು ನೋಡಿದರು. "ತಡಾ ಆತ್ರಿ," ಎಂದರು. ಹೋಗಲು ತಿರುಗಿ, ನಿಂತು, "ಆದ್ರೂ ಹೇಳ್ರಿ," ಎಂದರು.

ಸಂಜೆ ನೀರಿನ ಟಾಕಿಯ ಹತ್ತಿರ ಹೆಂಗಸರು ಸೇರಿದಾಗ ಹೇಳಿದೆ.   ಆಮೇಲೆ ಬಾಯಿಯನ್ನು ಕೆಣಕಿದ್ದ ಆ ಮುದುಕಿ ಅಂದಳು. "ನೀ ಕಟ್ಟಿದ್ದು ನಮಗ ಗೊತ್ತಿಲ್ಲೇನೋ ಸಾಹೇಬ? ನೀ ಕಟ್ಲಾಕತ್ತಾಗ ಟೊಂಗಿ ಹಿಡಕೊಂಡಾಕಿ ನಾನ." ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಅಲ್ಲಿಂದ ಮುಂದೆ ಶಾಂತವ್ವನ ಹೆಸರನ್ನು ಯಾರೂ ಹಾಗೆ ಎತ್ತಲಿಲ್ಲ. ಶಾಂತವ್ವನಿಗೆ ಅದು ತಿಳಿಯಲೂ ಇಲ್ಲ.

ಬಾಯಿ ತಮ್ಮ ಒಪ್ಪಂದಕ್ಕೆ ಮೂರನೆಯದೊಂದನ್ನು ಸೇರಿಸಿದರು. ಬೇವಿನ ಕೆಳಗೆ, ತಗಡಿನ ಮೇಲೆ, ಇದ್ದಿಲಿನಿಂದ ಮೊದಲ ಗುಳ್ಳೆಯ ತಾರೀಖು. ಹಬ್ಬದ ತೋರಣಕ್ಕೆ ಯಾರೂ ತಾರೀಖು ಬರೆಯುವುದಿಲ್ಲವಲ್ಲ. ಆ ಹಾಳೆಯ ಮೇಲೂ, ಶಾಂತವ್ವನ ಚೌಕದ ಪಕ್ಕದಲ್ಲಿ, ತಗುಲಿದ್ದು ಹೇಗೆ ಎಂಬುದನ್ನು ನನ್ನ ಕೈಯಿಂದಲೇ ಬರೆಸಿದರು. "ಗೊತ್ತಿದ್ದವರು ಬರೀಬೇಕ್ರಿ," ಎಂದರು. ಅದು ಶಿಕ್ಷೆಯೇ ಎಂದು ಬಹಳ ದಿನ ಯೋಚಿಸಿದೆ. ಅಲ್ಲ ಎಂದು ಈಗ ಅನಿಸುತ್ತದೆ. ಮುಂದಿನ ಸಲ ಎಲ್ಲಿ ತಪ್ಪುತ್ತದೆ ಎಂದು ತಿಳಿಯುವುದು ಅವರಿಗೆ ಬೇಕಿತ್ತು, ಅಷ್ಟೇ.

ಅವರನ್ನು ಕೊನೆಯ ಸಲ ಕಂಡದ್ದು ನಿವೃತ್ತಿಯಾದ ಮೇಲೆ, ನಿಗಡಿಯ ಬಸ್ ಸ್ಟಾಪಿನಲ್ಲಿ. ಅದೇ ಕೊಡೆ. "ಇದಕ್ಕ ಈಗ ಸೂಜಿ ಬಂದೈತಿ, ಗೊತ್ತೇನ್ರಿ? ಖಾಸಗಿ ಡಾಕ್ಟರ ಹತ್ರ ಹಾಕತಾರ. ನಮ್ಮ ಶೆಡ್ಡಿನ ಕೂಸುಗಳಿಗೆ ಯಾವಾಗ ಬರ್ತದೋ," ಎಂದರು. ಹಾಗೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಮಗ ಸಣ್ಣಾವರಿದ್ದಾಗ ಬಂದಿತ್ತಲ್ಲ? ಅದು ಹೋಗಿಲ್ಲ, ಒಳಗ ಕುಂತೈತಿ. ಮುಪ್ಪಿನಾಗ ಪಕ್ಕಡಿಗೆ ಸುತ್ತು ಹಾಕ್ತದ. ಆ ಗುಳ್ಳಿ ನೀರು ತಾಗಿದ್ರ, ಎಂದೂ ಬರದವರಿಗೆ ಮತ್ತ ಅಮ್ಮ ಬರತಾಳ. ಮೊದಲ ಯಾರಿಗೆ ಅಂದ್ರ ಆಗ ನಿಮ್ಮ ಹೆಸರು ಹೇಳಬೇಕಾಗತದ," ಎಂದು ನಕ್ಕರು. ಬಸ್ಸು ಬಂತು.

ಆ ಬುಧವಾರ ದವಾಖಾನೆಯಿಂದ ಬರುವಾಗ ದಾರಿಯಲ್ಲಿ ಒಂದು ಬೇವಿನ ಟೊಂಗೆ ಮುರಿದುಕೊಂಡೆ. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಹೆಂಡತಿ. ಬಾಗಿಲಿಗೆ ಕಟ್ಟುವುದನ್ನು ಕಂಡು ಅವಳು, "ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚತಾರ್ರೀ. ಬೇವು ಯಾರು ಕಟ್ಟತಾರ? ಬಿಲ್ಡಿಂಗಿನವರು ನಗತಾರ," ಎಂದಳು. ನಗಲಿ ಎಂದೆ. ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಮಂಗಳವಾರದ ತಾರೀಖು ಬರೆದೆ.

ಎದುರು ಮನೆಯಲ್ಲಿ ಮೈಸೂರಿನ ಹುಡುಗಿ ಇದ್ದಾಳೆ. ಕಂಪನಿಯ ಕೆಲಸ, ಐದು ತಿಂಗಳ ಬಸುರಿ. ನಮ್ಮಲ್ಲಿಗೆ ಅಂಚೆಯಲ್ಲಿ ಬರುವ ಕನ್ನಡ ಪತ್ರಿಕೆ ಓದಲು ಸಂಜೆ ಬರುತ್ತಾಳೆ. ಅಂದೂ ಬಂದಳು.

"ಏನಂಕಲ್, ಇನ್ನೊಂದು ಯುಗಾದಿನಾ?"

"ಅಲ್ಲೇ ನಿಲ್ಲವ್ವಾ," ಎಂದೆ. ನನ್ನ ದನಿಗೆ ಅವಳ ಕೈ ಹಿಂದೆ ಸರಿಯಿತು. ವಿಷಯ ಹೇಳಿದೆ. "ಸಣ್ಣಾಕಿ ಇದ್ದಾಗ ನಿನಗ ಬಂದಿತ್ತೇನು?"

ಅವಳು ಅಲ್ಲೇ ನಿಂತು ಮೊಬೈಲಿನಲ್ಲಿ ಅಮ್ಮನಿಗೆ ಕೇಳಿದಳು. "ಜ್ಞಾಪಕ ಇಲ್ವಂತೆ ಅಂಕಲ್. ಅಕ್ಕಂಗೆ ಬಂದಿತ್ತೋ ನಂಗೋ ಅಂತ ಯೋಚ್ನೆ ಮಾಡ್ತಿದ್ದಾರೆ."

"ಹಂಗಾರ ಬಂದಿಲ್ಲ ಅಂತನ ತಿಳಕೋಬೇಕು. ನಮ್ಮನಿಗೆ ಕಡೀಕ ಯಾವತ್ತು ಬಂದಿದ್ದಿ?"

"ಭಾನುವಾರ."

"ಎಷ್ಟು ಹೊತ್ತು ಕುಂತಿದ್ದಿ?"

"ಕೂತ್ಕೊಳ್ಳಲೇ ಇಲ್ಲ. ಪೇಪರ್ ತಗೊಂಡು ಹೋದೆ. ಯಾಕಂಕಲ್, ಪೊಲೀಸ್ ಥರ ಕೇಳ್ತಿದ್ದೀರಾ?"

ಭಾನುವಾರ. ಗುಳ್ಳೆ ಕಂಡದ್ದು ಮಂಗಳವಾರ. ಬೆರಳು ಮಡಿಚಿ ಎರಡು ಸಲ ಎಣಿಸಿದೆ. ನಾಳೆಯೇ ನಿನ್ನ ಡಾಕ್ಟರಿಗೆ ಹೇಳು, ರಕ್ತ ನೋಡಿದರೆ ಬಂದಿತ್ತೋ ಇಲ್ಲವೋ ತಿಳಿಯುತ್ತದಂತೆ, ಬೇವು ಇರುವ ತನಕ ಈ ಹೊಸ್ತಿಲು ದಾಟಬೇಡ ಎಂದೆ. ಭಯವೇನಿಲ್ಲ ಎಂದೂ ಸೇರಿಸಿದೆ. ಅದು ಅವಳಿಗೆ ಹೇಳಿದ್ದು, ನನಗಲ್ಲ.

ರಕ್ತ ನೋಡಿದರು. ಅವಳಿಗೆ ಎಂದೂ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಅವಳಿಗೆ ಇನ್ನೊಂದು ಕೆಲಸ ಹೇಳಿದೆ. ಅವಳು ನಗುತ್ತಲೇ ಒಪ್ಪಿದಳು. ದಿನವೂ ಕೆಲಸಕ್ಕೆ ಹೊರಡುವಾಗ ಮೆಟ್ಟಿಲ ಆಚೆ ಬದಿಗೆ ನಿಂತು, ಬ್ಯಾಗು ಭುಜಕ್ಕೇರಿಸಿ, ಎರಡೂ ತೋಳು ಚಾಚಿ ಅಂಗೈ ಮೇಲಕ್ಕೆ ತಿರುಗಿಸುತ್ತಿದ್ದಳು. "ಇವತ್ತೂ ಏನಿಲ್ಲ ಅಂಕಲ್." ಇದು ಅಂಗೈ ಹಿಡಿಯುವುದಲ್ಲ ಎಂದು ಗೊತ್ತಿದ್ದರೂ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಹದಿನಾರನೆಯ ದಿನಕ್ಕೆ ನನ್ನ ಕೊನೆಯ ಹಕ್ಕಳೆ ಉದುರಿತು. ಬೇವು ಒಣಗಿ ಎಲೆ ಉದುರುತ್ತಿತ್ತು, ಹೆಂಡತಿ ಗುಡಿಸುತ್ತ ಗೊಣಗುತ್ತಿದ್ದಳು. ನಾನು ಬಿಚ್ಚಲಿಲ್ಲ. ಆ ಭಾನುವಾರದಿಂದ ಎಣಿಸುತ್ತಿದ್ದೆ.

ಇಪ್ಪತ್ತೊಂದನೆಯ ದಿನವೂ ಅವಳು ಕೈ ತಿರುಗಿಸಿ ತೋರಿಸಿದಳು. ಅವಳ ಹೆಜ್ಜೆಯ ಸದ್ದು ಕೆಳಗಿಳಿದು ಮುಗಿಯುವ ತನಕ ನಿಂತಿದ್ದು, ಆಮೇಲೆ ಸ್ಟೂಲು ತಂದು ಬೇವು ಬಿಚ್ಚಿದೆ. ತಾರೀಖನ್ನು ಒರೆಸಲು ಹೆಂಡತಿ ಒದ್ದೆ ಬಟ್ಟೆ ಕೊಟ್ಟಳು. ಒರೆಸುವ ಮೊದಲು ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದುಕೊಂಡು, ಅದರ ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಚೌಕ ಬರೆದೆ. ನನ್ನ ಚೌಕದೊಳಗೆ ಒಂದು ಎಲೆ, ಪಕ್ಕದಲ್ಲಿ ತಾರೀಖು. ಎರಡರ ನಡುವೆ ಗೆರೆ ಎಳೆಯಲಿಲ್ಲ.